ದೊಡ್ಡ ಮೀನಿನ ದಿನಚರಿ

ಎಂಟು ತಿಂಗಳ ಮಗಳು ಚಿನಕುರಳಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಪತಿರಾಯನ ಒದ್ದೆ ಟವೆಲನ್ನು ಯುದ್ಧದ ಬಾವುಟದಂತೆ ಎತ್ತಿ ಹಿಡಿದು, ಲ್ಯಾಬಮ್ಮ ಆ ಭಾನುವಾರ ಹಜಾರದ ನಟ್ಟನಡುವೆ ನಿಂತು ಘೋಷಿಸಿಯೇ ಬಿಟ್ಟಳು:

"ಇದೇ ಗಾಜಿನ ತೊಟ್ಟೀಲಿ ಮೀನಿನ ಮರಿ ಮಾಡಿಸಿ ತೋರಿಸ್ತೀನಿ! ಅಪ್ಪ ಅನ್ನೋನು ಹೇಗಿರ್ಬೇಕು ಅಂತ ಮೀನನ್ನ ನೋಡಾದ್ರೂ ಕಲೀರಿ!"

ಪತಿರಾಯ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಮೊದ್ಲು ಟವೆಲ್ ಒಣಗ್ಹಾಕು. ಮಗು ಮೇಲೆ ನೀರು ತೊಟ್ಟಿಕ್ತಿದೆ" ಎಂದ.

ಒಣಗಹಾಕಬೇಕಂತೆ! ಮಂಚದ ಮೇಲೆ ಬಿಸಾಡುವುದು ಇವರ ಹಕ್ಕು, ಒಣಗಹಾಕುವುದು ಇವಳ ಕರ್ತವ್ಯ! ಆ ತೊಟ್ಟಿಯ ಕಥೆಯೂ ಅಷ್ಟೇ. ಹೋದ ವರ್ಷ ಪತಿರಾಯನೇ ಆಸೆಪಟ್ಟು ತಂದದ್ದು. ಅದರೊಳಗೆ ಉಪ್ಪುನೀರು, ನೀರಿನೊಳಗೆ ಕಿತ್ತಳೆ ಮೈಗೆ ಬಿಳಿ ಪಟ್ಟೆ ಬಳಿದುಕೊಂಡ ಎರಡು ಕೋಡಂಗಿ ಮೀನು. ತಂದ ವಾರವೆಲ್ಲ ಅದರ ಮುಂದೆಯೇ ಊಟ, ಅದರ ಮುಂದೆಯೇ ನಿದ್ದೆ. ಎರಡನೆಯ ವಾರದಿಂದ ನೀರು ಬದಲಿಸುವವಳು ಇವಳು, ಗಾಜು ಉಜ್ಜುವವಳು ಇವಳು. ತಂದವನು ಈರಭದ್ರ, ತೊಳೆಯುವವಳು ಕೋಡಂಗಿ!

ಲ್ಯಾಬಮ್ಮ ಎಂಬುದು ಅತ್ತೆ ಇಟ್ಟ ಹೆಸರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಆರು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತವಳು. ಎರಡೆರಡು ಸಲ ಎಣಿಸದೆ ಒಂದು ವರದಿಗೂ ಸಹಿ ಹಾಕಿದವಳಲ್ಲ. ಬಸುರಿಯಾದಂದಿನಿಂದ ನೀಲಿ ರಟ್ಟಿನ ದಿನಚರಿಯೊಂದನ್ನು ಇಟ್ಟಿದ್ದಳು. ಮಗು ಎಷ್ಟು ಕುಡಿಯಿತು, ಎಷ್ಟು ಹೊತ್ತು ಮಲಗಿತು, ಎಷ್ಟು ಸಲ ಸೀನಿತು, ಎಲ್ಲವೂ ಅದರಲ್ಲಿ ದಾಖಲು. "ಹುಟ್ಟಿದ್ಮೇಲೆ ಕೂಸು ಅತ್ತಿದ್ದಕ್ಕಿಂತ ಇವ್ಳು ಬರೆದಿದ್ದೇ ಹೆಚ್ಚು!" ಎಂದು ಅತ್ತೆ ಮೇಲಿನ ಮಹಡಿಯಿಂದ ಇಳಿದು ಬಂದಾಗಲೆಲ್ಲ ನಗುತ್ತಿದ್ದರು.

ಆ ಭಾನುವಾರದ ಜಗಳಕ್ಕೆ ಟವೆಲ್ ನೆಪ ಮಾತ್ರ. ಇನ್ನು ಏಳು ವಾರಕ್ಕೆ ಅವಳ ಹೆರಿಗೆ ರಜೆ ಮುಗಿಯುತ್ತಿತ್ತು. ಅತ್ತೆಗೆ ಮಂಡಿನೋವು, ಅಂಬೆಗಾಲಿಡಲು ಶುರುಮಾಡಿದ ಕೂಸಿನ ಹಿಂದೆ ದಿನವಿಡೀ ಬೀಳುವುದು ಅವರಿಂದಾಗದು. ಪತಿರಾಯ ಕಟ್ಟಡಗಳ ನಕ್ಷೆ ಬರೆಯುವ ಕಚೇರಿಯಲ್ಲಿ ಅಪ್ಪಂದಿರಿಗೂ ಮೂರು ತಿಂಗಳ ರಜೆ ಉಂಟು. ಆ ರಜೆಯ ಮಾತು ತೆಗೆದದ್ದೇ ತಪ್ಪಾಯಿತು.

"ಅಪ್ಪಂದಿರ ಕೈಲಿ ಅದೆಲ್ಲ ಆಗಲ್ಲ ಕಣೇ. ಪ್ರಕೃತಿನೇ ಹಾಗೆ ಮಾಡಿಟ್ಟಿದೆ. ಹುಲಿ ನೋಡು, ಬೆಕ್ಕು ನೋಡು. ಯಾವ ಗಂಡು ಮರಿ ಸಾಕುತ್ತೆ?"

ಪ್ರಕೃತಿಯಂತೆ! ಬಚ್ಚಲಿಗೆ ಕಿಟಕಿ ಎಲ್ಲಿರಬೇಕೆಂದು ಗೆರೆ ಎಳೆಯುವ ಮನುಷ್ಯನಿಗೆ ಪ್ರಕೃತಿಯ ಪರಿಚಯ ಯಾವಾಗ ಆಯಿತು? ಆಗಲೇ ಲ್ಯಾಬಮ್ಮನಿಗೆ ಮೀನಂಗಡಿಯಾತನ ಮಾತು ನೆನಪಾದದ್ದು. ತೊಟ್ಟಿಯ ನೀರಿಗೆ ಉಪ್ಪು ತರಲು ಹೋದಾಗ ಅವನು ಹೇಳಿದ್ದ: "ಈ ಜಾತೀಲಿ ಹೆಣ್ಣು ಮೊಟ್ಟೆ ಇಡೋದಷ್ಟೇ ಅಮ್ಮಾ. ಕಾಯೋದೆಲ್ಲ ಗಂಡೇ."

"ಗಂಡು ಮೀನು ಮೊಟ್ಟೆ ಕಾದ್ರೆ ರಜೆ ಹಾಕ್ತೀರಾ?" ಎಂದು ಕೇಳಿದಳು.

"ಓಹೋ, ಹಾಕ್ತೀನಿ. ಕಾಯದೆ ಇದ್ರೆ?"

ಜಾಣೆಯಾದವಳು ಇಲ್ಲಿ ಒಲೆಯ ಮೇಲೆ ಹಾಲಿಟ್ಟ ನೆನಪು ಮಾಡಿಕೊಂಡು ಒಳಗೆ ಹೋಗಬೇಕಿತ್ತು. ಲ್ಯಾಬಮ್ಮ ಹೋಗಲಿಲ್ಲ.

"ಕಾಯದೆ ಇದ್ರೆ ನಾನೇ ಕೆಲಸ ಬಿಡ್ತೀನಿ!"

ಪತ್ರಿಕೆ ಮೊದಲ ಸಲ ಕೆಳಗಿಳಿಯಿತು. ಆರು ವರ್ಷದ ಕೆಲಸ! ಕಿಟಕಿ ಪಕ್ಕದ ಅವಳದೇ ಕುರ್ಚಿ, ಅವಳದೇ ಸೂಕ್ಷ್ಮದರ್ಶಕ! ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನೀಲಿ ದಿನಚರಿಯಲ್ಲಿ ಹೊಸ ಹಾಳೆ ತೆರೆದು ಬರೆದಳು: 'ಮೀನು ಸಂಸಾರ. ಮೊದಲ ದಿನ.'

ಸಿದ್ಧತೆ ಯಾವ ಹೆರಿಗೆ ಆಸ್ಪತ್ರೆಗೂ ಕಡಿಮೆ ಇರಲಿಲ್ಲ. ತೊಟ್ಟಿಯ ಮೂಲೆಯಲ್ಲಿ ಮಣ್ಣಿನ ಕುಂಡವೊಂದನ್ನು ಅಡ್ಡ ಮಲಗಿಸಿದಳು. ಮೊಟ್ಟೆ ಅಂಟಿಸಲು ಅದೇ ತೊಟ್ಟಿಲು. ನೀರಿನ ಬಿಸಿ ಹೊತ್ತುಹೊತ್ತಿಗೆ ಅಳೆದಳು. ದಿನಕ್ಕೆ ನಾಲ್ಕು ಸಲ ಊಟ. ದೀಪ ಹಚ್ಚುವ ಹೊತ್ತು, ಆರಿಸುವ ಹೊತ್ತು ಗಡಿಯಾರ ನೋಡಿ. ದೊಡ್ಡ ಮೀನಿಗೆ ದೊರೆ ಎಂದೂ ಅದರ ಅರ್ಧದಷ್ಟಿದ್ದ ಸಣ್ಣದಕ್ಕೆ ಸಣ್ಣಮ್ಮ ಎಂದೂ ಹೆಸರಿಟ್ಟಳು. ದೊಡ್ಡದು ಗಂಡು, ಸಣ್ಣದು ಹೆಣ್ಣು. ಇದಕ್ಕೆ ಯಾವ ಪರೀಕ್ಷೆ ಬೇಕು? ಕಣ್ಣಿಗೆ ಕಾಣುವುದಿಲ್ಲವೇ?

"ಮೀನಿಗೂ ಬಾಣಂತನ ಮಾಡೋ ಮನೆ ಇದೊಂದೇ ನೋಡಿದ್ದು" ಎಂದರು ಅತ್ತೆ.

ಹನ್ನೆರಡನೆಯ ದಿನ ಅವಳು ಒಳಕೋಣೆಯಲ್ಲಿ ಚಿನಕುರಳಿಗೆ ಹಾಲೂಡಿಸಿ ಮಲಗಿಸಿ ಬರುವಷ್ಟರಲ್ಲಿ ಕುಂಡದ ಮೇಲೆ ಕಿತ್ತಳೆ ಬಣ್ಣದ ಮೊಟ್ಟೆಗಳು! ಸಾಸಿವೆಯಷ್ಟು ಸಣ್ಣವು, ಒತ್ತೊತ್ತಾಗಿ, ಮಗುವಿನ ಉಣ್ಣೆ ಟೋಪಿಯ ಹೆಣಿಗೆಯಂತೆ. ಇಟ್ಟವರು ಯಾರೆಂದು ನೋಡಲಾಗಲಿಲ್ಲ. ನೋಡುವುದೇನು, ಸಣ್ಣಮ್ಮನೇ! "ರೀ, ಬನ್ನಿ! ಇನ್ನು ದೊರೆ ಹೇಗೆ ಕಾಯ್ತಾನೆ ನೋಡ್ತಿರಿ!" ಎಂದು ಪತಿರಾಯನನ್ನು ಕರೆದು ಕುರ್ಚಿ ಹಾಕಿ ಕೂರಿಸಿದಳು.

ದೊರೆ ಬಂದ. ಮೊಟ್ಟೆಗಳನ್ನೊಮ್ಮೆ ನೋಡಿದ. ಸಂತೆಯಲ್ಲಿ ತರಕಾರಿ ನೋಡಿದ ಹಾಗೆ. ಬಾಲ ತಿರುಗಿಸಿ ತೊಟ್ಟಿಯ ಆ ತುದಿಗೆ ಹೋಗಿ ಗಿರಕಿ ಹೊಡೆಯತೊಡಗಿದ.

ಕಾದದ್ದು ಸಣ್ಣಮ್ಮ! ರೆಕ್ಕೆಯಿಂದ ಬೀಸಣಿಗೆ ಹಾಕಿದ ಹಾಗೆ ಮೊಟ್ಟೆಗೆ ಗಾಳಿ ಬೀಸಿದ್ದು ಸಣ್ಣಮ್ಮ. ಬಾಯಿಂದ ಒಂದೊಂದನ್ನೇ ಒರೆಸಿದ್ದು ಸಣ್ಣಮ್ಮ. ಊಟ ಹಾಕಿದರೆ ಓಡಿ ಬಂದು ಒಂದು ತುತ್ತು ನುಂಗಿ ಮತ್ತೆ ಕುಂಡಕ್ಕೆ ಓಡಿದ್ದೂ ಸಣ್ಣಮ್ಮನೇ.

"ಪ್ರಕೃತಿ ಕಣೇ, ಪ್ರಕೃತಿ!" ಪತಿರಾಯನ ಮುಖ ಅರಳಿ ಸೂರ್ಯಕಾಂತಿಯಾಯಿತು. ಬಿಸ್ಕತ್ತಿನ ಡಬ್ಬಿ ತಂದು ಮಡಿಲಲ್ಲಿಟ್ಟುಕೊಂಡು ಕೂತ. "ಸಮುದ್ರದ ತಳದಲ್ಲೂ ಇದೇ ಕಾನೂನು ನೋಡು!"

ಲ್ಯಾಬಮ್ಮನ ಮೈ ಉರಿದುಹೋಯಿತು. ಇಡೀ ಸಾಗರದಲ್ಲಿ ಒಬ್ಬನಾದರೂ ಮರ್ಯಾದಸ್ಥ ಗಂಡು ಬೇಡವೇ? ಆ ಸಂಜೆ ದಿನಚರಿಯಲ್ಲಿ, ಹಾಳೆ ಹರಿಯುವಷ್ಟು ಒತ್ತಿ, ಬರೆದಳು: 'ದೊಡ್ಡ ಮೀನು: ಬೆಳಿಗ್ಗೆ ತಿಂದಿತು. ತಿರುಗಾಡಿತು. ಸಂಜೆ ಬಂದು ಮತ್ತೆ ತಿಂದಿತು. ಮೊಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಸಂಸಾರ ಹೆಸರಿಗೆ ಮಾತ್ರ.'

ಬರೆದು ಸುಮ್ಮನಾಗಿದ್ದರೆ ಚೆನ್ನಾಗಿತ್ತು. ಕೆಲಸದ ಕುರ್ಚಿ ಕಣ್ಣ ಮುಂದೆಯೇ ಕಾಲು ಮುರಿದುಕೊಂಡು ಬೀಳುತ್ತಿರುವಾಗ ಸುಮ್ಮನಿರುವುದು ಹೇಗೆ? ಮೂರನೆಯ ದಿನ ತೊಟ್ಟಿಗೆ ಕೈಹಾಕಿ ದೊರೆಯನ್ನು ಮೊಟ್ಟೆಯ ಕಡೆ ದಬ್ಬಿದಳು. "ಹೋಗೋ! ನಿನ್ನವೇ ಕಣೋ! ಹೋಗಿ ಬೀಸೋ!" ದೊರೆ ತಿರುಗಿ ಅವಳ ತೋರುಬೆರಳನ್ನು ಕಚ್ಚಿದ. ಬೆರಳುದ್ದದ ಮೀನಿಗೆ ಎಂಥ ಸೊಕ್ಕು! ಬೆರಳಿಗೆ ಪಟ್ಟಿ ಸುತ್ತಿಕೊಂಡು, ಮದುವೆಯ ಫೋಟೋದ ಚೌಕಟ್ಟಿನಿಂದ ಗಾಜು ಕಿತ್ತು ತಂದು, ಅದನ್ನು ತೊಟ್ಟಿಯೊಳಗೆ ಅಡ್ಡ ನಿಲ್ಲಿಸಿ ದೊರೆ, ಸಣ್ಣಮ್ಮ, ಕುಂಡ ಮೂರನ್ನೂ ಒಂದೇ ಮೂಲೆಗೆ ಕೂಡಿಹಾಕಿದಳು. ಗೃಹಬಂಧನ! ಎಲ್ಲಿಗೆ ತಪ್ಪಿಸಿಕೊಂಡು ಹೋಗ್ತಾನೋ ನೋಡೇಬಿಡೋಣ!

ಮರುದಿನ ಬೆಳಿಗ್ಗೆ ಕುಂಡ ಬಹುತೇಕ ಬರಿದಾಗಿತ್ತು. ಅದರ ಅಂಚಿನಲ್ಲಿ ಉಳಿದಿದ್ದ ಏಳೆಂಟು ಮೊಟ್ಟೆಗಳನ್ನು ಸಣ್ಣಮ್ಮ ಅವಳ ಕಣ್ಣೆದುರೇ ತಿಂದು ಮುಗಿಸಿತು.

ಲ್ಯಾಬಮ್ಮ ಚಿನಕುರಳಿಯನ್ನು ಎದೆಗವಚಿಕೊಂಡು ಕೂತಳು. ಮೊಟ್ಟೆಗಳೊಳಗೆ ಆಗಲೇ ಕಪ್ಪು ಚುಕ್ಕಿಗಳು ಮೂಡಿದ್ದವು. ದಿನಚರಿಯಲ್ಲಿ, 'ತಪ್ಪು ನನ್ನದಿರಬಹುದು' ಎಂದು ಬರೆದಳು.

"ಹೋಗ್ಲಿ ಬಿಡೇ" ಎಂದ ಪತಿರಾಯ, ಮೆಲ್ಲಗೆ. ಆ ಮೆಲ್ಲಗಿನ ದನಿಯೇ ಬೆಂಕಿಗೆ ತುಪ್ಪ ಹೊಯ್ದಿತು! ಕನಿಕರ ಬೇರೆ! ಎದ್ದವಳೇ ಬಲೆಯಿಂದ ದೊರೆಯನ್ನು ಹಿಡಿದು ಮುಚ್ಚಳದ ಹಾಲಿನ ಕ್ಯಾನಿಗೆ ಹಾಕಿ, ಮಗುವನ್ನು ಎದೆಚೀಲದಲ್ಲಿ ಕಟ್ಟಿಕೊಂಡು, ಬೀದಿ ತುದಿಯ ಮೀನಂಗಡಿಗೆ ದಂಡೆತ್ತಿ ಹೋದಳು.

"ನೀವು ಕೊಟ್ಟ ಗಂಡು ಕೆಟ್ಟಿದೆ! ಬದಲಾಯಿಸ್ಕೊಡಿ!"

ಮೀನಂಗಡಿಯಾತ ಕ್ಯಾನಿನೊಳಗೆ ಇಣುಕಿದ. ಅವಳ ಮುಖ ನೋಡಿದ. ಮತ್ತೆ ಇಣುಕಿದ.

"ಅಮ್ಮಾ, ಇದು ಹೆಣ್ಣು."

"ಏನು?"

"ಹೆಣ್ಣು. ಈ ಜಾತೀಲಿ ದೊಡ್ಡದೇ ಹೆಣ್ಣು. ಹುಟ್ಟುವಾಗ ಎಲ್ಲಾ ಗಂಡೇ. ಜೋರಿರೋದು ಮೈ ಬೆಳೆಸಿ ಹೆಂಡ್ತಿ ಆಗುತ್ತೆ. ಮನೇಲಿ ಮೊಟ್ಟೆ ಕಾಯ್ತಿತ್ತಲ್ಲ ಸಣ್ಣದು, ಅದು ಗಂಡ. ನಾನು ಹೇಳಿರ್ಲಿಲ್ವಾ, ಕಾಯೋದು ಗಂಡು ಅಂತ?"

ಅಂಗಡಿಯ ಗಾಜಿನ ತೊಟ್ಟಿಗಳಲ್ಲಿದ್ದ ಅಷ್ಟೂ ಮೀನುಗಳು ತನ್ನ ಕಡೆಗೇ ತಿರುಗಿ ಬಾಯಿ ತೆರೆದು ನಕ್ಕಂತಾಯಿತು ಲ್ಯಾಬಮ್ಮನಿಗೆ. ಎರಡು ಸಲ ಪರೀಕ್ಷಿಸದೆ ವರದಿ ಬರೆಯದ ಲ್ಯಾಬಮ್ಮ! ಒಂದು ಸಲವೂ ಪರೀಕ್ಷಿಸದೆ ಹೆಂಗಸೊಬ್ಬಳನ್ನು ಸೋಮಾರಿ ಗಂಡನೆಂದು ತೀರ್ಮಾನಿಸಿ ಗೃಹಬಂಧನದಲ್ಲಿಟ್ಟಿದ್ದಳು!

"ಹಾಗಾದ್ರೆ... ಕಾಯ್ತಿದ್ದವನೇ ತಿಂದ್ಬಿಟ್ನಲ್ಲಾ?" ದನಿ ಅರ್ಧಕ್ಕಿಳಿದಿತ್ತು.

"ಗಾಬರಿಯಾದ್ರೆ ತಿಂದ್ಬಿಡ್ತಾನೆ ಪಾಪ. ಯಾರಾದ್ರೂ ತೊಟ್ಟಿಗೆ ಕೈಗೀ ಹಾಕಿದ್ರಾ?"

ಲ್ಯಾಬಮ್ಮ ಪಟ್ಟಿ ಸುತ್ತಿದ ಬೆರಳನ್ನು ಮಗುವಿನ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ನಮ್ಮ ಮನೇಲಿ ಯಾರೂ ಹಾಕಲ್ಲಪ್ಪ."

"ಬೇಗ ಮನೆ ಸೇರಿಸಿ ಈಕೇನ. ಹೆಂಡ್ತಿ ಮನೆ ಬಿಟ್ಟು ಹೋದ್ರೆ, ಸ್ವಲ್ಪ ದಿನಕ್ಕೆ ಗಂಡನೇ ಮೈ ಬೆಳೆಸಿ ಹೆಂಡ್ತಿ ಆಗ್ಬಿಡ್ತಾನೆ. ಆಮೇಲೆ ಹಿಡಿಯೋರಿಲ್ಲ!"

ನಾಚಿಕೆ ಬೀದಿಯ ಅರ್ಧದವರೆಗೆ ಮಾತ್ರ ಜೊತೆಗಿತ್ತು. ಉಳಿದರ್ಧದಲ್ಲಿ ಇನ್ನೊಂದು ಹೊಳೆಯಿತು. ಅರೆ! ಕಾದವನು ಗಂಡ! ಅಂದರೆ ಪಂಥ ಗೆದ್ದವಳು ತಾನು! ಮನೆ ಬಾಗಿಲಿನಿಂದಲೇ ಕೂಗಿದಳು: "ರೀ! ರಜೆ ಅರ್ಜಿ ಬರೀರಿ! ಸಣ್ಣಮ್ಮ ಗಂಡಸು!"

ಪತಿರಾಯ ಎಲ್ಲವನ್ನೂ ಕೇಳಿ ಗಲ್ಲ ಕೆರೆದುಕೊಂಡ. "ಅಂದ್ರೆ, ಮಕ್ಕಳನ್ನ ಅಪ್ಪನ ಕೈಗೆ ಕೊಟ್ರು. ಅಪ್ಪ ನಾಲ್ಕೇ ದಿನಕ್ಕೆ ತಿಂದ. ಇದನ್ನ ನೋಡಿ ನಾನು ಕಲೀಬೇಕು?"

ಕೊನೆಗೆ ರಾಜಿಯಾಯಿತು: ಎರಡನೆಯ ಸಲದ ಮೊಟ್ಟೆ ಒಡೆದು ಮರಿಯಾದರೆ ಅವಳು ಗೆದ್ದಂತೆ, ಇಲ್ಲವಾದರೆ ಅವನು. ಯಾರೂ ತೊಟ್ಟಿಗೆ ಕೈಹಾಕಕೂಡದು. ಈ ಕೊನೆಯ ಷರತ್ತು ಹೇಳುವಾಗ ಪತಿರಾಯ ಅವಳ ಬೆರಳನ್ನೇ ನೋಡುತ್ತಿದ್ದ.

ಎರಡು ವಾರದೊಳಗೆ ಮತ್ತೆ ಮೊಟ್ಟೆ ಬಿತ್ತು. ಲ್ಯಾಬಮ್ಮ ಈ ಸಲ ಕೈ ಎರಡನ್ನೂ ಬೆನ್ನಿಗೆ ಕಟ್ಟಿಕೊಂಡು ಓಡಾಡಿದಳು. ವಿಚಿತ್ರವೆಂದರೆ, ತೊಟ್ಟಿಯ ಮುಂದೆ ಈಗ ಹೆಚ್ಚು ಹೊತ್ತು ಕೂರುತ್ತಿದ್ದವನು ಪತಿರಾಯ. ಮೊದಲ ಎರಡು ದಿನ ಬಿಸ್ಕತ್ತಿನ ಡಬ್ಬಿಯೊಡನೆ, ಮೂರನೆಯ ದಿನದಿಂದ ಡಬ್ಬಿಯಿಲ್ಲದೆ. ಐದನೆಯ ದಿನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಪಿಸುಗುಡುತ್ತಿದ್ದ: "ನೋಡು ಪುಟ್ಟಾ, ಸತ್ತ ಮೊಟ್ಟೆ ಒಂದನ್ನೇ ಹೇಗೆ ಆರಿಸಿ ತೆಗೆದ! ಭೇಷ್ ಕಣೋ ಸಣ್ಣಯ್ಯ!" ಸಣ್ಣಮ್ಮ ಅಷ್ಟರಲ್ಲಿ ಸಣ್ಣಯ್ಯ ಆಗಿದ್ದ.

ಎಂಟನೆಯ ದಿನ ಮೊಟ್ಟೆಯೊಳಗಿನ ಕಣ್ಣುಗಳು ಬೆಳ್ಳಿಯಂತೆ ಮಿಂಚಿದವು. ಇನ್ನು ಕತ್ತಲಾದ ಒಂದು ಗಂಟೆಯೊಳಗೆ ಒಡೆಯುತ್ತವೆ, ಆದರೆ ಕಗ್ಗತ್ತಲೆಯೇ ಬೇಕು, ಮರಿಗಳಿಗೆ ಬೇರೆ ಮನೆಯೂ ಬೇಕು ಎಂದಿದ್ದ ಮೀನಂಗಡಿಯಾತ. ಕೈಹಾಕಕೂಡದೆಂಬ ಷರತ್ತಿಗೆ ಆ ಒಂದು ದಿನ ರಜೆ ಸಿಕ್ಕಿತು; ಚಿನಕುರಳಿ ಸ್ನಾನ ಮಾಡುವ ಟಬ್ಬು ಜಪ್ತಿಯಾಯಿತು. ಅದರ ಸುತ್ತ ಪತಿರಾಯನ ಕಪ್ಪು ಕಾಗದ. ತೊಟ್ಟಿಯದೇ ನೀರು ತುಂಬಿ, ಕುಂಡವನ್ನು ನೀರಿನಿಂದ ಮೇಲೆತ್ತದ ಹಾಗೆ ಬಕೆಟ್ಟಿನಲ್ಲಿ ಮುಳುಗಿಸಿ ತಂದು ಅದರಲ್ಲಿಟ್ಟು, ಮೊಟ್ಟೆಗೆ ಗಾಳಿ ಬೀಸುವ ಸಣ್ಣಯ್ಯನ ಕೆಲಸಕ್ಕೆ ಗುಳ್ಳೆಯುಗುಳುವ ನಳಿಕೆಯೊಂದನ್ನು ನೇಮಿಸಿದರು. ಸಂಜೆ ಏಳಕ್ಕೆ ಮನೆಯ ದೀಪಗಳೆಲ್ಲ ಆರಿದವು.

ಮಿಣುಕು ದೀಪವಿಲ್ಲದೆ ಕಣ್ಣು ಮುಚ್ಚದ ಚಿನಕುರಳಿ ಕಿಟಾರನೆ ಕಿರುಚಿತು. ಪತಿರಾಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಕತ್ತಲಲ್ಲಿ ಹಜಾರದ ಉದ್ದಗಲ ನಡೆದ; ಒಮ್ಮೆ ಕುರ್ಚಿಗೆ, ಒಮ್ಮೆ ಲ್ಯಾಬಮ್ಮನಿಗೆ ಡಿಕ್ಕಿ ಹೊಡೆದ. ಗಲಾಟೆ ಕೇಳಿ ಅತ್ತೆ ಇಳಿದು ಬಂದವರೇ, "ಇದೇನ್ರೋ ಗೂಬೆಗಳ ಹಾಗೆ ಕೂತಿದ್ದೀರ!" ಎಂದು ಸ್ವಿಚ್ಚಿಗೆ ಕೈಯಿಟ್ಟರು.

"ಅಮ್ಮಾ, ಬೇಡ!" "ಅತ್ತೆ, ಹೆರಿಗೆ!" ಇಬ್ಬರೂ ಒಟ್ಟಿಗೆ ಚೀರಿದರು.

"ಯಾರಿಗೋ!" ಎಂದು ಅತ್ತೆ ಅಲ್ಲೇ ಕುಸಿದು ಕೂತರು. ಕೂತದ್ದು ಬಿಸ್ಕತ್ತಿನ ಡಬ್ಬಿಯ ಮೇಲೆ.

ಎಂಟು ಗಂಟೆಗೆ ಪತಿರಾಯ ಕರವಸ್ತ್ರ ಸುತ್ತಿದ ಟಾರ್ಚನ್ನು ಒಂದೇ ಕ್ಷಣ ಹಚ್ಚಿದ. ನೀರಿನಲ್ಲಿ ನೂರಾರು ಬೆಳ್ಳಿ ಎಳೆಗಳು ನುಲಿಯುತ್ತಿದ್ದವು. ಚಿನಕುರಳಿ ಬೆರಳು ಚೀಪುವುದನ್ನು ನಿಲ್ಲಿಸಿತ್ತು. ಪತಿರಾಯ ಕೇಳಿದ: "ಇಷ್ಟಕ್ಕೂ ಹೊಟ್ಟೆಗೆ ಏನೇ ಹಾಕೋದು?"

ಅದಕ್ಕೂ ಸಿದ್ಧತೆಯಾಗಿತ್ತು. ಈ ಮರಿಗಳು ತಿನ್ನುವುದು ಕಣ್ಣಿಗೂ ಕಾಣದಂಥ ಜೀವಿಗಳನ್ನು. ಆ ಜೀವಿಗಳು ತಿನ್ನುವುದು ಪಾಚಿಯ ಹಸಿರು ನೀರನ್ನು. ಲ್ಯಾಬಮ್ಮ ಎರಡು ವಾರದಿಂದ ಅವನ್ನು ಚಿನಕುರಳಿಯ ಹಳೆಯ ಆರು ಹಾಲಿನ ಬಾಟಲಿಗಳಲ್ಲಿ ಬೆಳೆಸುತ್ತಿದ್ದಳು. ಅಳತೆಯ ಗೆರೆಗಳಿದ್ದವಲ್ಲ! ಲ್ಯಾಬಿನವಳಿಗೆ ಗೆರೆ ಕಂಡರೆ ಸಾಕು. ಕಡುಹಸಿರು ಬಾಟಲಿಗಳು ಅಡುಗೆಮನೆಯ ಕಿಟಕಿಯಲ್ಲಿ ಸಾಲಾಗಿ ನಿಂತಿದ್ದವು.

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಕಿಟಕಿ ಖಾಲಿ. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಆರೂ ಬಾಟಲಿಗಳು ಥಳಥಳಿಸುತ್ತ ಕುದಿಯುತ್ತಿದ್ದವು. ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಬ್ರಷ್ಷು, ಕಣ್ಣಲ್ಲಿ ಕೆಂಡ.

"ಮೀನಿನ ಹುಚ್ಚಲ್ಲಿ ಕೂಸಿನ ಬಾಟಲೀಲಿ ಪಾಚಿ ಕಟ್ಟಿದ್ದೂ ಕಾಣ್ಲಿಲ್ವೇನೇ? ಏನಾದ್ರೂ ಆಗಿದ್ರೆ? ಮಂಡಿನೋವು ಕಟ್ಕೊಂಡು ಆರನ್ನೂ ತಿಕ್ಕಿದ್ದೀನಿ!"

ಮೊಮ್ಮಗಳ ಮೇಲಿನ ಅಕ್ಕರೆಗೆ ಬೈಯುವುದು ಹೇಗೆ? ಬೈಯದೆ ಇರುವುದಾದರೂ ಹೇಗೆ? ನೂರಾರು ಮರಿಗಳು, ತುತ್ತು ಅನ್ನವಿಲ್ಲ! "ಮುಗೀತು. ನನ್ನ ಕೆಲಸಾನೂ ಮುಗೀತು" ಎಂದು ಲ್ಯಾಬಮ್ಮ ಅಡುಗೆಕಟ್ಟೆಗೆ ಒರಗಿದಳು.

ಹಿಂದೆ ಬಾಗಿಲು ದಢಾರೆಂದಿತು. ತಿರುಗಿ ನೋಡಿದರೆ ಪತಿರಾಯನಿಲ್ಲ, ಮಗುವೂ ಇಲ್ಲ. ಕಿಟಕಿಯಿಂದ ಬೀದಿ ನೋಡಿದಳು. ಬನಿಯನ್ನಿನಲ್ಲೇ, ಹೆಗಲ ಮೇಲೆ ಚಿನಕುರಳಿಯನ್ನು ಕೂರಿಸಿಕೊಂಡು, ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ತನ್ನದು, ಮೀನಂಗಡಿಯತ್ತ ಓಡುತ್ತಿದ್ದ! ಸೋತರೆ ತನಗೇ ಲಾಭವೆಂಬುದು ಆ ಮನುಷ್ಯನಿಗೆ ಮರೆತೇಹೋಗಿತ್ತು. ಅಂಗಡಿಯಾತನನ್ನು ಹಾಸಿಗೆಯಿಂದ ಎಬ್ಬಿಸಿ ಹಸಿರು ನೀರಿನ ಡಬ್ಬಿಯೊಂದಿಗೆ ಏದುಸಿರು ಬಿಡುತ್ತ ಬಂದವನೇ ಟಬ್ಬಿನ ಮುಂದೆ ಮಂಡಿಯೂರಿದ. "ಸರಿ, ಸರಿ. ಯಾರೂ ಮಧ್ಯ ಬರ್ಬೇಡಿ. ನಮ್ಮ ಮಕ್ಕಳಿಗೆ ಹಸಿವಾಗಿದೆ."

ನಮ್ಮ ಮಕ್ಕಳಂತೆ!

ಹತ್ತು ದಿನದ ಮೇಲೆ ಉಳಿದದ್ದು ಮೂವತ್ತೊಂದು ಮರಿ. ಅಕ್ಕಿಕಾಳಿನಷ್ಟು ಮೈಗೆ ಬಿಳಿ ಪಟ್ಟೆ ಬಂದ ದಿನ ಪತಿರಾಯ ತಾನಾಗಿಯೇ ರಜೆಯ ಅರ್ಜಿ ಬರೆದ. ಲ್ಯಾಬಮ್ಮ ತಲೆ ಎತ್ತಿಕೊಂಡು ಲ್ಯಾಬಿಗೆ ಹೋದಳು. ಕಿಟಕಿ ಪಕ್ಕದ ಕುರ್ಚಿ ಅಲ್ಲೇ ಇತ್ತು. ಹೋಗುವ ಮುನ್ನ ನೀಲಿ ದಿನಚರಿಯನ್ನು ಅವನ ಕೈಗಿಟ್ಟಳು. "ಎಲ್ಲಾನೂ ಬರೀಬೇಕು. ಒಂದೂ ಬಿಡ್ಬಾರ್ದು."

ಮೂರು ವಾರ ಕಳೆಯಿತು. ಒಂದು ಸಂಜೆ ಆರೂವರೆಗೆ, ದಿನವಿಡೀ ರಕ್ತಕಣ ಎಣಿಸಿ ಕಣ್ಣು ಕೆಂಪಾಗಿಸಿಕೊಂಡು ಮನೆಗೆ ಬಂದವಳು ಬ್ಯಾಗನ್ನು ಸೋಫಾದ ಮೇಲೆಸೆದು ಅದರ ಪಕ್ಕದಲ್ಲೇ ತಾನೂ ಬಿದ್ದಳು. "ಅಬ್ಬಾ! ರೀ, ತಿನ್ನೋಕೆ ಏನಿದೆ?"

ತಲೆ ಎತ್ತಿದಳು. ಹಜಾರದ ನಟ್ಟನಡುವೆ ಪತಿರಾಯ ನಿಂತಿದ್ದ. ಮೈ ಒಂದಿಷ್ಟು ತುಂಬಿಕೊಂಡಿತ್ತು. ಸೊಂಟದ ಮೇಲೆ ಚಿನಕುರಳಿ. ಇನ್ನೊಂದು ಕೈಯಲ್ಲಿ, ಎತ್ತಿ ಹಿಡಿದ ಒದ್ದೆ ಟವೆಲ್.

"ಬೆಳಿಗ್ಗೆ ಇದನ್ನ ಮಂಚದ ಮೇಲೆ ಬಿಸಾಡಿ ಹೋಗಿದ್ದು ಯಾರು?"

ಲ್ಯಾಬಮ್ಮ ಮಾತು ತಪ್ಪಿಸಲು ಮೇಜಿನ ಮೇಲಿದ್ದ ದಿನಚರಿ ತೆಗೆದಳು. ನಕ್ಷೆಯವನ ಅಕ್ಷರ, ಅಚ್ಚು ಹಾಕಿದಂತೆ. ಮಗು ಎಷ್ಟು ಕುಡಿಯಿತು, ಮರಿಗಳು ಎಷ್ಟು ಬೆಳೆದವು, ಅತ್ತೆಯ ಮಂಡಿಗೆ ಯಾವ ಎಣ್ಣೆ, ಎಲ್ಲ ಇತ್ತು. ಕೊನೆಯಲ್ಲಿ, ನಿನ್ನೆಯ ತಾರೀಖಿನ ಕೆಳಗೆ:

'ದೊಡ್ಡ ಮೀನು: ಬೆಳಿಗ್ಗೆ ತಿಂದಿತು. ತಿರುಗಾಡಿತು. ಸಂಜೆ ಬಂದು ಮತ್ತೆ ತಿಂದಿತು. ಮರಿಯ ಕಡೆ ತಿರುಗಿಯೂ ನೋಡಲಿಲ್ಲ. ಸಂಸಾರ ಹೆಸರಿಗೆ ಮಾತ್ರ.'

"ಪಾಪ, ಹಾಗೆಲ್ಲ ಬರೀಬೇಡಿ ಅವಳನ್ನ" ಎಂದಳು ಲ್ಯಾಬಮ್ಮ, ತೊಟ್ಟಿಯಲ್ಲಿ ಗಿರಕಿ ಹೊಡೆಯುತ್ತಿದ್ದ ದೊರೆಯ ಕಡೆ ನೋಡಿ. "ಅವಳ ಕಷ್ಟ ಅವಳಿಗಿರುತ್ತೆ."

"ತೊಟ್ಟೀದಲ್ಲ ಕಣೇ. ಇನ್ನೂ ಇದೆ, ಕೆಳಗೆ ಓದು."

ಕೆಳಗೆ ಇನ್ನೊಂದು ಸಾಲಿತ್ತು: 'ಇವತ್ತೂ ಚಪ್ಪಲಿ ಹಾಕಿಕೊಂಡೇ ಸೋಫಾದ ಮೇಲೆ ಬಿದ್ದಿತು.'

ಲ್ಯಾಬಮ್ಮ ಮೆಲ್ಲಗೆ ತನ್ನ ಕಾಲು ನೋಡಿಕೊಂಡಳು.